ಭಾನುವಾರದ ರಜೆ ಮತ್ತು ಒಂದು ಕಪ್ಪು ಡ್ರಮ್ಮು

ಈ ಹೊತ್ತು ಬೆಳಗ್ಗೆ ಎಂಟನೆಯ ತರಗತಿಯಲ್ಲಿ ವ್ಯಾಕರಣ ಮಾಡುತ್ತಿದ್ದೆ. ಮೊದಲ ಬೆಂಚಿನ ಹುಡುಗಿಯೊಬ್ಬಳು ಗಾಳಿಯನ್ನು ಎರಡು ಸಲ ಮೂಸಿ, "ಟೀಚರ್, ನಿಮ್ಮಲ್ಲಿ ಕಟ್ಟಿಗೆ ಒಲೆಯಾ?" ಎಂದು ಕೇಳಿದಳು. ಕೇಳಿದ್ದರಲ್ಲಿ ಕುಹಕವೇನೂ ಇರಲಿಲ್ಲ. ಪಾಪ, ಅವಳಿಗೆ ನಿಜವಾಗಿ ತಿಳಿಯಬೇಕಿತ್ತು. "ಪುಸ್ತಕ ನೋಡು" ಎಂದೆ. ಉತ್ತರ ಹೊಳೆಯದಾಗಲೆಲ್ಲ ಮೂವತ್ತು ವರ್ಷದಿಂದ ನಾನು ಹೇಳುತ್ತಾ ಬಂದದ್ದು ಅದನ್ನೇ. ಗಂಟೆ ಹೊಡೆದ ಮೇಲೆ ಸ್ಟಾಫ್ ರೂಮಿನ ಮೂಲೆಯಲ್ಲಿ ನಿಂತು, ತಲೆಗೆ ಹೊದ್ದಿದ್ದ ಶಾಲಿನ ತುದಿಯನ್ನು ಮೂಗಿಗೆ ಹಿಡಿದೆ. ಹೌದು, ಹೊಗೆ. ನಿನ್ನೆ ಭಾನುವಾರ ಇಡೀ ದಿನ ಅಂಗಳದ ಹಗ್ಗದಲ್ಲಿ ನೇತಾಡಿದ ಶಾಲು ಅದು. ಆ ಹಗ್ಗದಿಂದ ಎಂಟು ಹೆಜ್ಜೆ ದೂರದಲ್ಲಿ ನಮ್ಮ ಮನೆಯವರ ಡ್ರಮ್ಮು ಇದೆ.

ಡ್ರಮ್ಮಿನ ಕತೆ ಹೇಳುವ ಮೊದಲು ಇನ್ನೊಂದು ಹೊಗೆಯ ಕತೆ ಹೇಳಿಬಿಡುತ್ತೇನೆ. ನನ್ನ ತವರು ಕಡಬದ ಹತ್ತಿರ. ಮಳೆಗಾಲದಲ್ಲಿ ಬಟ್ಟೆ ಒಣಗಬೇಕಾದರೆ ನಮಗಿದ್ದ ಜಾಗ ಒಂದೇ, ಒಲೆಯ ಮೇಲೆ ಅಡ್ಡ ಕಟ್ಟಿದ ಬಿದಿರು. ಆ ಬಿದಿರಿನಲ್ಲಿ ಒಂದು ಕಡೆ ಉಮ್ಮ, ಎಂದರೆ ನನ್ನ ಅಮ್ಮ, ಪೋಣಿಸಿಟ್ಟ ಒಣಮೀನು, ಇನ್ನೊಂದು ಕಡೆ ನನ್ನ ನೀಲಿ ಲಂಗ. ಬೆಳಗ್ಗೆ ಲಂಗ ಬೆಚ್ಚಗೆ ಇರುತ್ತಿತ್ತು, ಗರಿಗರಿಯಾಗಿಯೂ ಇರುತ್ತಿತ್ತು, ಆದರೆ ಅದರ ವಾಸನೆಯನ್ನು ಮಾತ್ರ ಕೇಳಬೇಡಿ. ಐದನೆಯ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳ ಮನೆಯಲ್ಲಿ ಆಗಲೇ ಗ್ಯಾಸ್ ಬಂದಿತ್ತು. ಅವಳು ಮೂಗು ಹಿಡಿದು "ಎಂತ ವಾಸನೆ ಅದು?" ಎಂದಾಗ ನಾನು "ಬಸ್ಸಿನ ಹೊಗೆ" ಎಂದುಬಿಟ್ಟೆ. ನಾನು ಶಾಲೆಗೆ ಹೋಗುತ್ತಿದ್ದದ್ದು ನಡೆದುಕೊಂಡು. ಇದು ಅವಳಿಗೂ ಗೊತ್ತಿತ್ತು, ಇಡೀ ತರಗತಿಗೂ ಗೊತ್ತಿತ್ತು. ದೊಡ್ಡವಳಾದ ಮೇಲೆ ಹೊಗೆಯ ಹತ್ತಿರ ಸುಳಿಯುವುದಿಲ್ಲವೆಂದು ಆ ಹೊತ್ತೇ ತೀರ್ಮಾನ ಮಾಡಿಕೊಂಡೆ. ಟೀಚರ್ ಆದದ್ದು, ಪುತ್ತೂರಿನಲ್ಲಿ ಮನೆ ಮಾಡಿದ್ದು, ಎರಡು ಸಿಲಿಂಡರಿನ ಗ್ಯಾಸ್ ಇಟ್ಟುಕೊಂಡದ್ದು, ಎಲ್ಲದರ ಹಿಂದೆ ಆ ನೀಲಿ ಲಂಗ ಇತ್ತೆಂದು ಈಗ ಅನಿಸುತ್ತದೆ.

ಇವರು ಗಲ್ಫಿನಲ್ಲಿ ಒಂದು ಕಂಪೆನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಕಳೆದ ವರ್ಷ ಎಲ್ಲ ಬಿಟ್ಟು ಊರಿಗೆ ಬಂದರು. ಮಗಳು ಮದುವೆಯಾಗಿ ಉಪ್ಪಿನಂಗಡಿ ಸೇರಿದ್ದಾಳೆ, ಮನೆಯಲ್ಲಿ ನಾವಿಬ್ಬರೇ. ಮೊದಲ ತಿಂಗಳು ಇವರು ಮನೆಯ ಎಲ್ಲ ಬಲ್ಬು ಬದಲಿಸಿದರು. ಎರಡನೆಯ ತಿಂಗಳು ನನ್ನ ಅಡುಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದರು. ಜೀರಿಗೆಯ ಡಬ್ಬದ ಮೇಲೆ "ಜೀರಿಗೆ" ಎಂದು ಓದಿಯೇ ತಿಳಿದುಕೊಳ್ಳಬೇಕಾದ ಸ್ಥಿತಿ ನನಗಿನ್ನೂ ಬಂದಿಲ್ಲವೆಂದು ಹೇಳಿದೆ. ಅವರಿಗೆ ಬೇಸರವಾಯಿತು. ಇಪ್ಪತ್ತಾರು ವರ್ಷ ರಜೆಗೆ ಬಂದು ಹೋಗುತ್ತಿದ್ದ ಗಂಡಸಿಗೆ ಮನೆಯೊಳಗೆ ತನ್ನದೊಂದು ಮೂಲೆ ಹುಡುಕಿಕೊಳ್ಳುವುದು ಸುಲಭವಲ್ಲ, ಅದು ನನಗೂ ಅರ್ಥವಾಗುತ್ತದೆ. ಆದರೆ ಆ ಮೂಲೆ ನನ್ನ ಅಡುಗೆಮನೆಯಾಗುವುದು ಬೇಡ ಎಂದು ನನಗಿತ್ತು.

ಹಾಗಾಗಿ ಅವರು ಅಂಗಳಕ್ಕೆ ಇಳಿದರು. ಗಲ್ಫಿನಲ್ಲಿ ಶುಕ್ರವಾರ ಗೆಳೆಯರೆಲ್ಲ ಸೇರಿ ಸಮುದ್ರದ ದಡದಲ್ಲಿ ಇದ್ದಿಲ ಮೇಲೆ ಮಾಂಸ ಸುಡುತ್ತಿದ್ದರಂತೆ. ಅಲ್ಲಿ ಒಬ್ಬರ ಹತ್ತಿರ ಹೊಗೆಯಲ್ಲೇ ನಾಲ್ಕು ಗಂಟೆ ಬೇಯಿಸುವ ಸ್ಮೋಕರ್ ಇತ್ತಂತೆ. ಅಂಥದೇ ಒಂದನ್ನು ಇಲ್ಲಿ ಮಾಡಿಸುತ್ತೇನೆಂದು ಹೊರಟರು. ಹಳೆಯ ಕಬ್ಬಿಣದ ಡ್ರಮ್ಮೊಂದನ್ನು ಕೊಂಡುಹೋಗಿ, ವೆಲ್ಡಿಂಗ್ ಅಂಗಡಿಯಲ್ಲಿ ಇಟ್ಟು, ಅಡಿಯಲ್ಲಿ ಗಾಳಿಗೆ ತೂತು, ನಡುವೆ ಜಾಲರಿ, ಮೇಲೆ ಮುಚ್ಚಳ, ಮುಚ್ಚಳಕ್ಕೊಂದು ಚಿಮಣಿ ಎಂದೆಲ್ಲ ವಿವರಿಸಿದರಂತೆ. ಅಂಗಡಿಯವನು ತಾಳ್ಮೆಯಿಂದ ಕೇಳಿ, "ಆಯ್ತು ಮಾರಾಯ್ರೆ, ಇದರಲ್ಲಿ ಎಷ್ಟು ರಬ್ಬರ್ ಶೀಟು ಹಿಡೀಬೇಕು?" ಎಂದನಂತೆ. ನಮ್ಮ ಕಡೆ ಹೊಗೆ ಹಾಕಿ ಒಣಗಿಸುವುದು ರಬ್ಬರ್ ಹಾಲಿನ ಶೀಟುಗಳನ್ನು. ಕೋಳಿಗೆ ಹೊಗೆ ಹಾಕುವ ಜನ ಇದ್ದಾರೆಂದು ಅವನು ಕೇಳಿಯೇ ಇರಲಿಲ್ಲ.

ಡ್ರಮ್ಮು ಮನೆಗೆ ಬಂದ ದಿನ ಇವರು ನನ್ನನ್ನು ಅಂಗಳಕ್ಕೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ನಾವು ಮನೆಯಲ್ಲಿ ಮಾತಾಡುವುದು ಬ್ಯಾರಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ. "ಸಫಿಯಾ, ಇನ್ನು ಭಾನುವಾರ ನಿನಗೆ ರಜೆ. ನೀನು ಹೀಗೆ ಕೂರುದು, ನಾನು ಬೇಯಿಸಿ ಪ್ಲೇಟು ನಿನ್ನ ಕೈಗೆ ಕೊಡುದು. ನೀನು ಒಂದು ಕಡ್ಡಿ ಎತ್ತಬಾರ್ದು" ಎಂದರು.

ನಿಮಗೆ ಇದು ಸಣ್ಣ ಮಾತು ಅನಿಸಬಹುದು. ನನಗೆ ಹಾಗನಿಸಲಿಲ್ಲ. ನಾನು ಒಲೆಯ ಮುಂದೆ ಕೂತದ್ದು ಹನ್ನೊಂದನೆಯ ವಯಸ್ಸಿನಲ್ಲಿ, ಈಗ ಐವತ್ನಾಲ್ಕು. ಹೋಟೆಲಿನಲ್ಲಿ ತಿಂದಿದ್ದೇನೆ, ಮದುವೆಗಳಲ್ಲಿ ತಿಂದಿದ್ದೇನೆ, ಅದಲ್ಲ. ನನ್ನ ಮನೆಯಲ್ಲಿ, ನನ್ನ ಕುರ್ಚಿಯಲ್ಲಿ ಕೂತು, ಇನ್ನೊಬ್ಬರು ಬೇಯಿಸಿ ಕೈಗೆ ಕೊಟ್ಟ ಬಿಸಿ ಊಟವನ್ನು ಒಮ್ಮೆಯೂ ತಿಂದದ್ದು ನೆನಪಿಲ್ಲ. ನಮ್ಮ ಉಮ್ಮ ಎಲ್ಲರಿಗೂ ಬಡಿಸಿ, "ನೀವು ತಿನ್ನಿ, ನಾನು ಮತ್ತೆ ತಿಂತೇನೆ" ಎನ್ನುತ್ತಿದ್ದರು. ಅವರ ಬಟ್ಟಲಿನ ಗಂಜಿ ಅಡುಗೆಮನೆಯ ಮೆಟ್ಟಿಲ ಮೇಲೆ ಕೆನೆಗಟ್ಟಿ ತಣ್ಣಗಾಗುತ್ತಿತ್ತು. ನಾವು ಐದು ಮಕ್ಕಳು ಆ ಮೆಟ್ಟಿಲು ಹಾರಿ ಆಟಕ್ಕೆ ಓಡುತ್ತಿದ್ದೆವು. ಆ ಮಾತಿನ ಅರ್ಥ ನನಗೆ ತಿಳಿದದ್ದು ಅದೇ ಮಾತನ್ನು ನಾನು ಹೇಳತೊಡಗಿದ ಮೇಲೆ. ಪಾತ್ರೆಯಲ್ಲಿ ಸಾಕಷ್ಟಿಲ್ಲ ಎಂದು ಅದರ ಅರ್ಥ. ಇಲ್ಲವೇ ಹಸಿವು ಸತ್ತುಹೋಗಿದೆ, ಕಾಲು ನೋಯುತ್ತಿದೆ ಎಂದು.

ಇಷ್ಟಾಗಿ ಮೊದಲ ಭಾನುವಾರ ಏನಾಯಿತು? ಉತ್ತರ ಪತ್ರಿಕೆಯ ಕಟ್ಟು ಬದಿಗಿಟ್ಟು, ಕುರ್ಚಿ ಹಾಕಿಕೊಂಡು, ಕಾಲು ಚಾಚಿ ಕೂತೆ. "ಸಫಿಯಾ, ಕಲ್ಲುಪ್ಪು ಎಲ್ಲುಂಟು?" ಡಬ್ಬಕ್ಕೆ ಚೀಟಿ ಅಂಟಿಸಿದವರೇ ಅವರು. ಎದ್ದೆ. "ಸಫಿಯಾ, ಶುಂಠಿ ಅರೆದದ್ದು ಉಂಟಾ?" ಎದ್ದೆ. "ಕೋಳಿ ತೊಳೆದದ್ದು ಸಾಕಾ ನೋಡು." ಎದ್ದೆ. ಇಕ್ಕಳ, ಹಳೆ ಬಟ್ಟೆ, ದೊಡ್ಡ ತಟ್ಟೆ, ಅದಕ್ಕಿಂತ ದೊಡ್ಡ ತಟ್ಟೆ. ಟೀಚರ ಬುದ್ಧಿ ನೋಡಿ, ಹಾಜರಿ ಹಾಕುವ ಹಾಗೆ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಹದಿನೇಳು ಸಲ ಎದ್ದೆ. ಮೂರು ಗಂಟೆಗೆ ಕೋಳಿ ಬಂತು, ಹೊರಗೆ ಕರಿ, ಒಳಗೆ ಕೆಂಪು. ಒಳಗೆ ತಂದು ಕುಕ್ಕರಿನಲ್ಲಿಟ್ಟು ಸಾರು ಮಾಡಿದೆ. ಪಾತ್ರೆ ತೊಳೆದವಳೂ ನಾನೇ. ಇವರು ಸ್ನಾನ ಮಾಡಿ ಬಂದು, "ಇವತ್ತು ನಿನಗೆ ಸ್ವಲ್ಪ ರೆಸ್ಟ್ ಆಯ್ತಲ್ಲ" ಎಂದರು. ಅವರು ಅದನ್ನು ಮನಸಾರೆ ಹೇಳಿದ್ದು.

ಎರಡನೆಯ ಪ್ರಯೋಗ ಸೌದೆಯದ್ದು. ಮೊಬೈಲಿನಲ್ಲಿ ಯಾರೋ ಹೇಳುತ್ತಿದ್ದರಂತೆ, ಇದ್ದಿಲ ಮೇಲೆ ಆಪಲ್ ಮರದ ಚೂರು ಹಾಕಿದರೆ ಹೊಗೆಗೆ ಪರಿಮಳ ಬರುತ್ತದೆ ಎಂದು. ಪುತ್ತೂರಿನಲ್ಲಿ ಆಪಲ್ ಇರುವುದು ಹಣ್ಣಿನ ಅಂಗಡಿಯಲ್ಲಿ, ಮರದಲ್ಲಲ್ಲ. ನಮ್ಮದು ಯಾವ ಮರ ಎಂದು ಇವರು ಎರಡು ದಿನ ಯೋಚಿಸಿದರು. ಪಕ್ಕದ ಮನೆಯಲ್ಲಿ ಲೀಲಕ್ಕ ಇದ್ದಾರೆ, ಅರಂತೋಡಿನ ಗೌಡರ ಮನೆಯ ಮಗಳು, ಅಡಿಕೆ ಸುಲಿಸುವ ದಿನಗಳಲ್ಲಿ ಅವರ ಅಂಗಳ ತುಂಬ ಸಿಪ್ಪೆ. ಇವರಿಗೆ ಥಟ್ಟನೆ ಹೊಳೆಯಿತು. ಇಷ್ಟು ಒಣಗಿದ್ದು, ಇಷ್ಟು ಹಗುರದ್ದು, ಇಷ್ಟು ಚೆನ್ನಾಗಿ ಹೊಗೆ ಬರುವಂಥದ್ದು ಇನ್ನೇನಿದೆ? ಒಂದು ಗೋಣಿ ಕೇಳಿ ತಂದರು. ಯಾಕೆಂದು ಲೀಲಕ್ಕ ಕೇಳಲಿಲ್ಲ, ಬಚ್ಚಲ ಒಲೆಗೆ ಇರಬಹುದೆಂದು ಅವರ ಎಣಿಕೆ.

ನನಗೆ ಗೊತ್ತಿತ್ತು. ಅಡಿಕೆ ಸಿಪ್ಪೆಯ ಹೊಗೆ ಎಂದರೇನೆಂದು ಈ ಊರಿನಲ್ಲಿ ಹುಟ್ಟಿದ ಯಾರಿಗೂ ಗೊತ್ತು. ಸಂಜೆ ಹೊತ್ತು ಹಟ್ಟಿಯಲ್ಲಿ ನುಸಿ ಓಡಿಸಲು ದನಗಳ ಮುಂದೆ ಇಡುವ ಹೊಗೆ ಅದು. ಇಪ್ಪತ್ತಾರು ವರ್ಷ ಮರಳು ನೋಡಿದವರಿಗೆ ಮರೆತುಹೋಗಿತ್ತು. ಬಾಯಿ ತುದಿಗೆ ಬಂದ ಮಾತನ್ನು ನುಂಗಿದೆ. ಯಾಕೆಂದರೆ ಅಷ್ಟರಲ್ಲಿ ಒಂದು ವಿಷಯ ನನಗೆ ಸ್ಪಷ್ಟವಾಗಿತ್ತು. ಉಪ್ಪು ಎಷ್ಟು, ಬೆಂಕಿ ಎಷ್ಟು ಎಂದು ನಾನು ಒಂದು ಮಾತು ಹೇಳಿದೆನೋ, ಅಲ್ಲಿಗೆ ಆ ಅಡುಗೆ ನನ್ನದಾಗುತ್ತದೆ. ನಂತರ ಇಕ್ಕಳವೂ ನನ್ನ ಕೈಗೇ ಬರುತ್ತದೆ. ಸುಮ್ಮನಿರುವುದೇ ನನ್ನ ರಜೆ. ಮೂವತ್ತು ವರ್ಷ ತಪ್ಪು ತಿದ್ದಿದವಳಿಗೆ ಸುಮ್ಮನಿರುವುದಕ್ಕಿಂತ ಪಾತ್ರೆ ತೊಳೆಯುವುದು ಸುಲಭ ಎನ್ನುವುದೂ ಆಗಲೇ ಗೊತ್ತಾದದ್ದು.

ಹೊಗೆ ಎದ್ದಿತು. ಹಗ್ಗದ ಬಟ್ಟೆ, ಮಲ್ಲಿಗೆ ಗಿಡ, ಮನೆಯ ಒಳಗು ಎಲ್ಲವೂ ಹಟ್ಟಿಯಾಯಿತು. ಕಂಪೌಂಡಿನ ಆಚೆಯಿಂದ ಲೀಲಕ್ಕನ ದನಿ ಬಂತು.

"ಎಂತ ಸಫಿಯಾ ಟೀಚರ್, ದನ ತಂದ್ರಾ? ಹೇಳ್ಲೇ ಇಲ್ಲ!"

"ದನ ಅಲ್ಲ ಲೀಲಕ್ಕ, ಕೋಳಿ."

"ಕೋಳಿಗೂ ನುಸಿ ಕಚ್ತದಾ ಮಾರಾಯ್ತಿ?"

ಆ ಕೋಳಿಯನ್ನು ಬಾಯಿಗಿಟ್ಟಾಗ ನನಗೆ ಅಜ್ಜನ ಮನೆಯ ಹಟ್ಟಿ, ಕರುವಿನ ಕಿವಿ, ಹುಲ್ಲಿನ ರಾಶಿ ಎಲ್ಲ ಕಣ್ಣ ಮುಂದೆ ಬಂದವು. ಹಸಿವು ಮಾತ್ರ ಬರಲಿಲ್ಲ. ನಮ್ಮ ಬೆಕ್ಕು ಮೂಸಿ ನೋಡಿ, ತೀರ್ಪು ಕೊಟ್ಟವರ ಹಾಗೆ ನಿಧಾನ ನಡೆದುಹೋಯಿತು. ನಾನು ಒಳಗೆ ಹೋಗಿ, ಬೆಳಗ್ಗೆಯೇ ಗುಟ್ಟಿನಲ್ಲಿ ನೆನೆಹಾಕಿಟ್ಟಿದ್ದ ಅಕ್ಕಿಯಲ್ಲಿ ನೆಯ್ಚೋರು, ಎಂದರೆ ತುಪ್ಪದ ಅನ್ನ, ಮಾಡಿದೆ. ಹೌದು, ಗುಟ್ಟಿನಲ್ಲಿ. ಪ್ರತಿ ಭಾನುವಾರ ಬೆಳಗ್ಗೆ ಇವರು ಇದ್ದಿಲು ಹೊತ್ತಿಸುವ ಮೊದಲೇ ಎರಡು ಪಾವು ಅಕ್ಕಿ ನೆನೆಹಾಕಿ, ತಟ್ಟೆ ಮುಚ್ಚಿ, ಮೇಲೊಂದು ಪೇಪರು ಇಡುತ್ತಿದ್ದೆ. ಬಿಸಿ ನೆಯ್ಚೋರು ತಿನ್ನುತ್ತಾ ಇವರು, "ಅದೂ ಒಳ್ಳೆದಾಯ್ತು, ಇದೂ ಉಂಟು" ಎಂದರು. ಆ ರಾತ್ರಿ ಮೊಣಗಂಟಿಗೆ ಎಣ್ಣೆ ಹಚ್ಚಿಕೊಳ್ಳುವಾಗ ಯೋಚಿಸಿದೆ. ನನ್ನ ರಜೆಯನ್ನು ಕೆಡಿಸುತ್ತಿರುವುದು ಬರೀ ಇವರಲ್ಲ, ಆ ಎರಡು ಪಾವು ಅಕ್ಕಿಯೂ ಹೌದು. ಇವರು ಸೋಲುತ್ತಾರೆಂದು ನಾನು ಬೆಳಗ್ಗೆಯೇ ಅಡುಗೆ ಮುಗಿಸಿಟ್ಟುಕೊಂಡರೆ ಇವರು ಗೆಲ್ಲುವುದಾದರೂ ಯಾಕೆ?

ಆಮೇಲೆ ಮಾವಿನ ಕೊಂಬೆ, ಹಲಸಿನ ಚೂರು ಎಲ್ಲ ಆಯಿತು. ಕೊನೆಗೆ ದಾರಿ ತೋರಿಸಿದವರು ಲೀಲಕ್ಕ. ಅವರ ತವರಿನಲ್ಲಿ ರಬ್ಬರಿಗೆ ಹೊಗೆಮನೆ ಇತ್ತು, ಸಣ್ಣವರಿರುವಾಗ ಅದರ ಬೆಂಕಿ ಕಾಯುವ ಕೆಲಸ ಅವರದ್ದಂತೆ. "ಗೆರಟೆ ಹಾಕಿ ಉಸ್ಮಾನಣ್ಣ, ತೆಂಗಿನ ಗೆರಟೆ. ಕೆಂಡ ಆಗುವವರೆಗೆ ಕಾಯ್ಬೇಕು, ಮತ್ತೆ ಕೋಳಿ ಇಡುದು. ಮತ್ತೆ ಅದು, ಎಂತ ಅದು, ಪೇರಳೆ ಕೊಂಬೆ ಎರಡು ಚೂರು" ಎಂದರು. ನಮ್ಮ ಉಮ್ಮ ಕೂಡ ವಿಶೇಷದ ದಿನ ಗೆರಟೆಯ, ಎಂದರೆ ತೆಂಗಿನ ಚಿಪ್ಪಿನ, ಕೆಂಡವನ್ನು ಬಟ್ಟಲಲ್ಲಿಟ್ಟು ಸಾರಿನ ನಡುವೆ ಇಳಿಸಿ, ಮೇಲೆ ತುಪ್ಪ ಬಿಟ್ಟು ಮುಚ್ಚಳ ಹಾಕುತ್ತಿದ್ದರು. ಅದೂ ನನಗೆ ಗೊತ್ತಿತ್ತು. ಹೇಳಿರಲಿಲ್ಲ.

ನಿನ್ನೆ ಸುಳ್ಯದಿಂದ ಇವರ ತಮ್ಮ ಹಮೀದ್ ಮತ್ತು ಅವನ ಹೆಂಡತಿ ರುಬಿಯಾ ಊಟಕ್ಕೆ ಬರುವವರಿದ್ದರು. ಬೆಳಗ್ಗೆ ಎದ್ದು ಅಕ್ಕಿಯ ಡಬ್ಬದ ಮುಂದೆ ನಿಂತೆ. ಚೀಟಿಯಲ್ಲಿ "ಅಕ್ಕಿ" ಎಂದು ಬರೆದಿತ್ತು. ಪಾವು ಕೈಯಲ್ಲಿತ್ತು. ಅತಿಥಿಗಳು ಉಪವಾಸ ಕೂತರೆ ಮಾತು ಬರುವುದು ಇವರ ಮೇಲಲ್ಲ, ನನ್ನ ಮೇಲೆ. ಹೆದರಿಕೆಯಾಯಿತು. ಆದರೂ ಪಾವನ್ನು ಡಬ್ಬದೊಳಗೆ ಹಾಕಿ ಮುಚ್ಚಿದೆ. ಶಾಲು ಒಗೆದು ಹಗ್ಗಕ್ಕೆ ಹಾಕಿ, ಇನ್ನೊಂದು ಹೊದ್ದು, ಕುರ್ಚಿಯಲ್ಲಿ ಕೂತೆ.

ಎರಡು ಕೋಳಿ ಒಟ್ಟಿಗೆ ಒಳಗೆ ಹೋಯಿತು. ಹೊಗೆ ಜಾಸ್ತಿ ಬರಲೆಂದು ಇವರು ಅಡಿಯ ತೂತನ್ನು ಮುಚ್ಚಿದರು. ಮೊದಲು ತೆಳ್ಳಗೆ ಬರುತ್ತಿದ್ದ ಹೊಗೆ ದಪ್ಪಗಾಗಿ ಬಿಳಿಯಾಯಿತು, ಆಮೇಲೆ ಬರಬರುತ್ತಾ ನಿಂತೇ ಹೋಯಿತು. ಊದುಗೊಳವೆ ಹಿಡಿದು ದೊಡ್ಡವಳಾದ ನನಗೆ ಅದರ ಅರ್ಥ ಹೇಳಿಕೊಡಬೇಕೇ? ಒಳಗೆ ಕೆಂಡ ಸಾಯುತ್ತಿತ್ತು. ನನ್ನ ಕಾಲು ತಾನಾಗಿ ನೆಲಕ್ಕೆ ಒತ್ತಿಕೊಂಡಿತು. ಕುರ್ಚಿಯ ಕೈಗಳನ್ನು ಗಟ್ಟಿ ಹಿಡಿದುಕೊಂಡೆ. ಗಂಟೆ ಎರಡು ದಾಟಿತು. ಹಮೀದನ ಜೊತೆ ಆಗಲೇ ಬಂದು ಪಕ್ಕದಲ್ಲಿ ಕೂತಿದ್ದ ರುಬಿಯಾ ಎರಡು ಸಲ ಏಳಲು ನೋಡಿದಳು.

"ನಾನು ಒಂದು ಗಂಜಿಯಾದ್ರೂ ಇಡ್ತೇನೆ, ಅವರಿಬ್ಬರಿಗೂ ಹಸಿವಾಗಿರ್ತದೆ" ಎಂದಳು.

"ಕೂತ್ಕೊ" ಎಂದೆ.

"ಅಲ್ಲ, ಹಾಗೆ ಕೂತ್ರೆ..."

"ಕೂತ್ಕೊ ರುಬಿಯಾ." ತರಗತಿಯ ದನಿ ಬಂದುಬಿಟ್ಟಿತು. ಅವಳು ಕೂತಳು. ಸ್ವಲ್ಪ ಹೊತ್ತಿನ ಮೇಲೆ ಚಪ್ಪಲಿ ಬಿಚ್ಚಿ, ಕಾಲು ಮೇಲಿಟ್ಟುಕೊಂಡು, "ಹೀಗೆ ಕೂರದೆ ಎಷ್ಟು ಕಾಲ ಆಯ್ತು" ಎಂದು ನಕ್ಕಳು.

ಹಮೀದ್ ಬಂದು, "ಅತ್ತಿಗೆ, ಒಳಗೆ ಎಂತಾದ್ರೂ ಉಂಟಾ?" ಎಂದ.

"ಇಲ್ಲ."

"ಅಕ್ಕಿ?"

"ಡಬ್ಬದಲ್ಲಿ ಉಂಟು. ಚೀಟಿ ಅಂಟಿಸಿದ್ದಾರೆ."

ಅವನು ನನ್ನನ್ನೊಮ್ಮೆ, ಅಣ್ಣನನ್ನೊಮ್ಮೆ ನೋಡಿ, ಸ್ಕೂಟರ್ ತೆಗೆದುಕೊಂಡು ಪರೋಟ ತರಲು ಹೋದ. ಇವರು ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ನನ್ನ ಕಡೆ ತಿರುಗಿ ನಿಂತರು. ಕೇಳಲಿಲ್ಲ. ಕೇಳಿದ್ದರೆ ನಾನು ಎದ್ದುಬಿಡುತ್ತಿದ್ದೆ, ಅದು ಖಂಡಿತ. ಅಂಗಿ ಬೆವರಿಗೆ ಬೆನ್ನಿಗಂಟಿದ, ಹಣೆಯಲ್ಲಿ ಮಸಿ ಬಳಿದುಕೊಂಡ, ಅರುವತ್ತು ಸಮೀಪಿಸಿದ ಮನುಷ್ಯನನ್ನು ನೋಡಿ ನನಗೆ ಪಾಪವೆನಿಸಿತು. ಅಷ್ಟರಲ್ಲಿ ಕಂಪೌಂಡಿನ ಆಚೆಯಿಂದ ಲೀಲಕ್ಕ ಕೂಗಿದರು. "ಉಸ್ಮಾನಣ್ಣ, ಅಡಿಯ ತೂತು ಬಿಡಿ ಮಾರಾಯ್ರೆ! ಬೆಂಕಿಗೆ ಉಸಿರು ಬೇಡ್ವಾ?"

ಇವರು ತೂತು ಬಿಟ್ಟು, ಹೊಸ ಗೆರಟೆ ಹಾಕಿ, ಮೊಣಕಾಲೂರಿ ಊದಿದರು. ಊದಿ ಊದಿ ಕೆಮ್ಮಿದರು. ನಮ್ಮ ಉಮ್ಮ ಕೆಮ್ಮುತ್ತಿದ್ದದ್ದು ಹೀಗೆಯೇ, ತಲೆ ಒಂದು ಕಡೆ ತಿರುಗಿಸಿ. ನಾನು ಒಂದು ಲೋಟ ನೀರಾದರೂ ಕೊಡಬಹುದಿತ್ತು. ಅದನ್ನು ರುಬಿಯಾ ಕೊಟ್ಟಳು, ನಾನು ತಡೆಯಲಿಲ್ಲ.

ನಾಲ್ಕು ಗಂಟೆಗೆ ಒಂದು ಕೋಳಿ ಬೆಂದಿತು. ಇನ್ನೊಂದು ಜಾಲರಿಯ ಅಂಚಿನಲ್ಲಿತ್ತು, ಕಾಲಿನ ಬುಡ ಇನ್ನೂ ಕೆಂಪು, ಅದು ಮತ್ತೆ ಒಳಗೆ ಹೋಯಿತು. ಇವರು ಮೊದಲ ತಟ್ಟೆಯನ್ನು ತಂದದ್ದು ನನ್ನ ಕೈಗೆ. ಒಂದು ತೊಡೆ, ಎದೆಯ ಒಂದು ತುಂಡು, ಈರುಳ್ಳಿ ಒರಟೊರಟಾಗಿ ಹೆಚ್ಚಿದ್ದು, ಪರೋಟ. ತಟ್ಟೆಯ ಅಡಿ ಕೈ ಸುಡುತ್ತಿತ್ತು. ಆಮೇಲೆ ರುಬಿಯಾಳಿಗೆ, ಆಮೇಲೆ ಹಮೀದನಿಗೆ. ಅಲ್ಲಿಗೆ ಕೋಳಿ ಮುಗಿಯಿತು.

"ನಿಮಗೆ?" ಎಂದೆ.

"ಅದು ಬೇಯ್ಲಿ. ನೀನು ತಿನ್ನು, ನಾನು ಮತ್ತೆ ತಿಂತೇನೆ" ಎಂದರು.

ನನ್ನ ಕೈ ತಟ್ಟೆಯ ಮೇಲೆ ನಿಂತಿತು. ಆ ಮಾತನ್ನು ಗಂಡಸೊಬ್ಬ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ತಾವೇನು ಹೇಳಿದರೆಂದು ಅವರಿಗೆ ಗೊತ್ತೇ ಇರಲಿಲ್ಲ, ಅಷ್ಟು ಹೊತ್ತಿಗೆ ಡ್ರಮ್ಮಿನ ಕಡೆ ತಿರುಗಿಯಾಗಿತ್ತು. ಅವರಿಗೆ ಹಸಿವಾಗಿತ್ತು, ಅದು ನನಗೆ ಗೊತ್ತು. ಒಳ್ಳೆಯ ಹೆಂಡತಿಯಾದರೆ ತಟ್ಟೆಯಲ್ಲಿ ಅರ್ಧ ಎತ್ತಿಡಬೇಕಿತ್ತು, "ಬನ್ನಿ, ಒಟ್ಟಿಗೆ ತಿನ್ನುವ" ಎನ್ನಬೇಕಿತ್ತು. ಹೇಳಲಿಲ್ಲ. ಬಿಸಿ ಇರುವಾಗಲೇ ತಿಂದೆ. ಉಪ್ಪು ಕಡಿಮೆ, ಒಂದು ಬದಿ ಸೀದಿತ್ತು, ಹೊಗೆ ಗಂಟಲು ಹಿಡಿಯುತ್ತಿತ್ತು. ಎಲುಬು ಚೀಪಿ, ಬೆರಳು ನೆಕ್ಕಿ, ಒಂದು ತುಂಡೂ ಉಳಿಸದೆ ತಿಂದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡು ತಿಂದೆ. ಉಪ್ಪಿನ ವಿಷಯ ಎತ್ತಲಿಲ್ಲ.

ಇವರು ತಿಂದದ್ದು ಮಸೀದಿಯಲ್ಲಿ ಸಂಜೆಯ ಬಾಂಗ್ ಆದ ಮೇಲೆ, ಅಡುಗೆಮನೆಯ ಬಾಗಿಲಿಗೆ ಒರಗಿ, ನಿಂತುಕೊಂಡೇ. ಪರೋಟ ತಣ್ಣಗಾಗಿ ಹಪ್ಪಳದಂತಾಗಿತ್ತು. "ಕೂತು ತಿನ್ನಬಾರ್ದಾ?" ಎಂದೆ. "ಕೂತ್ರೆ ಮತ್ತೆ ಏಳ್ಲಿಕ್ಕೆ ಆಗುದಿಲ್ಲ" ಎಂದರು. ನಾನು ಕುರ್ಚಿ ಎಳೆದು ಅವರ ಹಿಂದೆ ಇಟ್ಟೆ.

ಶಾಲನ್ನು ಈ ಹೊತ್ತು ಒಗೆಯಲು ಹಾಕಿಲ್ಲ. ನಾಳೆ ಆ ಹುಡುಗಿ ಮತ್ತೆ ಮೂಗು ಅರಳಿಸುತ್ತಾಳೆ. ಬಸ್ಸಿನ ಹೊಗೆ ಎನ್ನುವುದಿಲ್ಲ, ಪುಸ್ತಕ ನೋಡು ಎನ್ನುವುದೂ ಇಲ್ಲ. ಕಟ್ಟಿಗೆ ಒಲೆಯಲ್ಲ ಮಗೂ, ಗೆರಟೆಯ ಬೆಂಕಿ ಎನ್ನುತ್ತೇನೆ. ಅಡುಗೆ ಮಾಡಿದವಳು ನಾನಲ್ಲ.